ವಿಶ್ವೇಶ್ವರಯ್ಯನವರು ಮಾಡಲಾಗದ ಕಾರು

ನಮ್ಮ ಮಾರ್ಕ್ಸ್ ಕಾರ್ಡ್ ಮೇಲೆ ಅವರ ಹೆಸರಿದೆ. ಬ್ಯಾಕ್‌ಲಾಗ್ ಬಂದ ದಿನ ಎಲ್ಲರೂ ಆ ಹೆಸರನ್ನೇ ನೋಡಿರ್ತೀವಿ. ಸೆಪ್ಟೆಂಬರ್ 15 ಬಂದ್ರೆ ಡಿಪಾರ್ಟ್‌ಮೆಂಟ್ ಮುಂದೆ ಪೇಟ ಇಟ್ಟ ಅವರ ಫೋಟೋಗೆ ಹಾರ ಬೀಳುತ್ತೆ, ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎರಡು ಮೇಣದಬತ್ತಿಯ ಕಥೆ, ರೈಲು ನಿಲ್ಲಿಸಿದ ಕಥೆ ಓಡಾಡುತ್ತೆ. ಆ ಎರಡು ಕಥೆ ಈ ಲೇಖನದಲ್ಲಿ ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಗೆದ್ದ ಕೆಲಸಗಳು ನಮಗೆ ಬಾಯಿಪಾಠ. ಸೋತ ಒಂದು ಕೆಲಸವೂ ಇದೆ. ಅದು ಒಂದು ಕಾರಿನ ಕಥೆ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಮನೆಯಲ್ಲಿ ದುಡ್ಡಿರಲಿಲ್ಲ. ಬೆಂಗಳೂರಿಗೆ ಬಂದು, ಬೇರೆಯವರ ಮಕ್ಕಳಿಗೆ ಪಾಠ ಹೇಳಿಕೊಟ್ಟು ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1881ರಲ್ಲಿ ಬಿ.ಎ. ಮುಗಿಯಿತು. ಆಮೇಲೆ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಹೋದರು. ಆಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. 1883ರಲ್ಲಿ ಪರೀಕ್ಷೆ ಪಾಸಾದಾಗ ಅವರದ್ದೇ ಮೊದಲ ಸ್ಥಾನ. ಮರುವರ್ಷ ಬಾಂಬೆ ಸರ್ಕಾರದ ಪಿ.ಡಬ್ಲ್ಯು.ಡಿ.ಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್ ಆಗಿ ನಾಸಿಕಕ್ಕೆ ಹೋದರು.

ಮುಂದಿನ ಇಪ್ಪತ್ತನಾಲ್ಕು ವರ್ಷ ಹೆಚ್ಚುಕಮ್ಮಿ ಎಲ್ಲಾ ನೀರಿನ ಕೆಲಸ. ಸಿಂಧೂ ನದಿ ದಡದ ಸಕ್ಕರ್ ಊರಿಗೆ ಕುಡಿಯುವ ನೀರು ಕೊಡಬೇಕಿತ್ತು. ನದಿ ನೀರು ಕೆಸರು, ಫಿಲ್ಟರ್ ಕಟ್ಟಿಸೋಕೆ ಮುನ್ಸಿಪಾಲಿಟಿ ಹತ್ತಿರ ಹಣ ಇಲ್ಲ. ಅವರು ನದಿಯ ಮರಳಿನಲ್ಲೇ ಬಾವಿ ತೋಡಿಸಿದರು. ಮರಳೇ ಫಿಲ್ಟರ್ ಆಯಿತು. ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ ನೀರು ಏರಿದಾಗ ತಾನೇ ತೆರೆದುಕೊಂಡು, ಇಳಿದಾಗ ತಾನೇ ಮುಚ್ಚಿಕೊಳ್ಳುವ ಗೇಟ್ ಮಾಡಿದರು. ಕೈಲಿ ಏನಿದೆಯೋ ಅದರಲ್ಲೇ ಕೆಲಸ ಆಗಬೇಕು ಅನ್ನೋದು ಅವರ ರೀತಿ. ಈ ರೀತಿ ಕಾರಿನ ಕಥೆಯಲ್ಲೂ ಬರುತ್ತೆ.

1908ರಲ್ಲಿ ಕೆಲಸ ಬಿಟ್ಟರು. ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಭಾರತೀಯನೊಬ್ಬ ಚೀಫ್ ಇಂಜಿನಿಯರ್ ಆಗೋದು ಆಗ ಸುಲಭದ ಮಾತಾಗಿರಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಕೊಚ್ಚಿಹೋಯಿತು. ನಿಜಾಮರ ಸರ್ಕಾರ ಇವರನ್ನು ಕರೆಸಿತು. ಪ್ರವಾಹ ತಡೆಯಲು ಮೇಲ್ಭಾಗದಲ್ಲಿ ಜಲಾಶಯ ಕಟ್ಟುವ ಯೋಜನೆ ಕೊಟ್ಟು, 1909ರಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದರು. 1911ರಲ್ಲಿ ಕೆ.ಆರ್.ಎಸ್. ಕೆಲಸ ಶುರುವಾಯಿತು. ಸಿಮೆಂಟ್ ಆಗ ಹೆಚ್ಚಾಗಿ ಹೊರಗಿನಿಂದ ಬರಬೇಕಾದ ಸಾಮಾನು. ಅದಕ್ಕೇ ಅಣೆಕಟ್ಟನ್ನು ಸುರ್ಕಿ ಗಾರೆಯಲ್ಲಿ, ಅಂದ್ರೆ ಸುಟ್ಟ ಇಟ್ಟಿಗೆ ಪುಡಿ ಮತ್ತು ಸುಣ್ಣ ಸೇರಿಸಿದ ಗಾರೆಯಲ್ಲಿ ಕಟ್ಟಿದರು. ಇವತ್ತಿಗೂ ನಿಂತಿದೆ.

1912ರಿಂದ ಆರು ವರ್ಷ ಮೈಸೂರಿನ ದಿವಾನರು. ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾನಿಲಯ, ಗಂಧದೆಣ್ಣೆ ಕಾರ್ಖಾನೆ, ಸೋಪ್ ಕಾರ್ಖಾನೆ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು, ಈಗಿನ ಯು.ವಿ.ಸಿ.ಇ. ಪಟ್ಟಿ ನಿಮಗೆ ಗೊತ್ತಿರೋದೇ. ಗೊತ್ತಿದ್ದರೂ ನಾವು ಹೇಳದೆ ಬಿಡೋದು ಅವರು ದಿವಾನಗಿರಿ ಬಿಟ್ಟ ಕಾರಣ. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರೇ ತುಂಬಿಕೊಂಡಿದ್ದಾರೆ, ಹಿಂದುಳಿದವರಿಗೆ ಮೀಸಲಾತಿ ಬೇಕು ಅನ್ನೋ ಬೇಡಿಕೆ ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಎಲ್ಲರಿಗೂ ಶಾಲೆ, ಸ್ಕಾಲರ್‌ಶಿಪ್ ಕೊಡೋಣ, ನೇಮಕಾತಿ ಮಾತ್ರ ಅರ್ಹತೆ ಮೇಲೆ ನಡೆಯಲಿ ಅನ್ನೋದು ಅವರ ನಿಲುವು. ರಾಜೀನಾಮೆ ಕೊಟ್ಟು ಹೊರಟರು. ಆ ಮೀಸಲಾತಿಯಿಂದಾಗಿಯೇ ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಒಬ್ಬ ಗುಮಾಸ್ತ, ಒಬ್ಬ ಮೇಷ್ಟ್ರು, ಒಬ್ಬ ಇಂಜಿನಿಯರ್ ಆದರು. ಈ ಒಂದು ವಿಷಯದಲ್ಲಿ ಮಹಾರಾಜರು ಅವರಿಗಿಂತ ಮುಂದೆ ನೋಡಿದ್ದರು ಅಂತ ನನಗನಿಸುತ್ತೆ. ದೊಡ್ಡವರ ಜೀವನ ಬರೆಯುವಾಗ ಇದನ್ನು ಬಿಟ್ಟರೆ ಅದು ಹಾರ ಹಾಕಿದ ಫೋಟೋ ಅಷ್ಟೇ ಆಗುತ್ತೆ.

ಕೆಲಸ ಬಿಟ್ಟರೂ ಸುಮ್ಮನೆ ಕೂರಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಗಿ ನಷ್ಟದಲ್ಲಿ ಮುಳುಗುತ್ತಿತ್ತು. ಮುಚ್ಚಿಬಿಡಿ ಅನ್ನೋರೇ ಜಾಸ್ತಿ. ಸರ್ಕಾರ ಇವರನ್ನು ಅಧ್ಯಕ್ಷರನ್ನಾಗಿ ಕೂರಿಸಿತು. ಆರು ವರ್ಷ ಅದರ ಹಿಂದೆ ಬಿದ್ದು ಒಂದು ಹಂತಕ್ಕೆ ತಂದರು. ಅದಕ್ಕೆ ಬರಬೇಕಾದ ಸಂಭಾವನೆಯನ್ನು ತಾವು ತಗೊಳ್ಳದೆ, ಕೆಲಸ ಕಲಿಸುವ ಸಂಸ್ಥೆಯೊಂದಕ್ಕೆ ಬಳಸಿ ಅಂದರು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ ಹುಟ್ಟಿದ್ದು ಹೀಗೆ. ಅದಕ್ಕೆ ಅವರ ಹೆಸರಿಲ್ಲ, ಜಯಚಾಮರಾಜೇಂದ್ರ ಒಡೆಯರ ಹೆಸರಿದೆ.

ಈಗ ಕಾರಿಗೆ ಬರೋಣ.

1930ರ ದಶಕದಲ್ಲಿ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಕಾರು, ಬಸ್ಸು, ಲಾರಿಗಳಲ್ಲಿ ಎದ್ದು ಕಾಣುತ್ತಿದ್ದದ್ದು ಅಮೆರಿಕದ ಗಾಡಿಗಳು. ಷೆವರ್ಲೆ, ಫೋರ್ಡ್, ಡಾಡ್ಜ್. ಇಂಜಿನ್ ದೊಡ್ಡದು, ಚಾಸಿಸ್ ಎತ್ತರ, ಗಟ್ಟಿ, ಬೆಲೆಯೂ ಪರವಾಗಿಲ್ಲ. ಕಲ್ಲುರಸ್ತೆಗೆ ಅದೇ ಸರಿ. ಜನರಲ್ ಮೋಟಾರ್ಸ್ 1928ರಲ್ಲೇ ಬಾಂಬೆಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆದಿತ್ತು. ಫೋರ್ಡ್ ಕೂಡ ಬಂತು. ಆದ್ರೆ ಆ ಕಾರ್ಖಾನೆಗಳಲ್ಲಿ ಕಾರು ತಯಾರಾಗ್ತಾ ಇರಲಿಲ್ಲ. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಹಡಗಿನಲ್ಲಿ ಬರ್ತಿದ್ದವು, ಇಲ್ಲಿ ಬೋಲ್ಟ್ ಬಿಗಿದು, ಬಣ್ಣ ಹೊಡೆದು ಮಾರ್ತಿದ್ದರು. ಇದನ್ನೇ ಈಗ ನಾವು ಸಿ.ಕೆ.ಡಿ. ಅಂತೀವಿ. ಸಿಲಿಂಡರ್ ಬ್ಲಾಕ್ ಎರಕ ಹೊಯ್ಯೋದು, ಕ್ರ್ಯಾಂಕ್‌ಶಾಫ್ಟ್ ಫೋರ್ಜ್ ಮಾಡೋದು, ಗೇರ್ ಹಲ್ಲು ಕೊರೆಯೋದು, ಇದ್ಯಾವುದೂ ಇಲ್ಲಿ ನಡೀತಿರಲಿಲ್ಲ. ಅಂದ್ರೆ ಇಂಜಿನಿಯರಿಂಗ್ ಎಲ್ಲಾ ಡೆಟ್ರಾಯಿಟ್‌ನಲ್ಲಿ, ಸ್ಪ್ಯಾನರ್ ಮಾತ್ರ ನಮ್ಮ ಕೈಲಿ.

ಅದೇ ಕಾಲದಲ್ಲಿ ಬ್ರಿಟನ್ ಏನು ಮಾಡ್ತಾ ಇತ್ತು ಅಂತ ನೋಡಬೇಕು. ನಮ್ಮ ಕಥೆಗೆ ಇದೇ ಕೀಲಿ. ಅಮೆರಿಕದ ಅಗ್ಗದ ಕಾರು ಅಲ್ಲಿಗೂ ತಲೆನೋವಾಗಿತ್ತು. 1915ರಲ್ಲಿ, ಯುದ್ಧದ ನಡುವೆ, ಹೊರಗಿನ ಕಾರುಗಳ ಮೇಲೆ ಶೇಕಡಾ 33ಕ್ಕೂ ಸ್ವಲ್ಪ ಹೆಚ್ಚು, ಅಂದ್ರೆ ಬೆಲೆಯ ಮೂರನೇ ಒಂದು ಭಾಗ ಸುಂಕ ಹಾಕಿದರು. ಆಗಿನ ಹಣಕಾಸು ಮಂತ್ರಿ ಮೆಕೆನ್ನಾ ಹೆಸರಿನಲ್ಲೇ ಅದು ಪ್ರಸಿದ್ಧ. ಹಡಗಿನ ಜಾಗ, ವಿದೇಶಿ ಹಣ ಉಳಿಸೋಕೆ ಅಂತ ತಂದ ಸುಂಕ ಯುದ್ಧ ಮುಗಿದ ಮೇಲೂ ಉಳಿಯಿತು. ನಡುವೆ 1924ರಲ್ಲಿ ತೆಗೆದರು, ಮರುವರ್ಷ ಮತ್ತೆ ಹಾಕಿದರು. ವಿಶ್ವೇಶ್ವರಯ್ಯನವರಿಗೆ ಬ್ರಿಟಿಷ್ ಸರ್ಕಾರ ಸರ್ ಪದವಿ ಕೊಟ್ಟಿದ್ದೂ ಇದೇ 1915ರಲ್ಲಿ.

ಸುಂಕ ಒಂದೇ ಅಲ್ಲ. 1921ರಿಂದ ಕಾರನ್ನು ರಸ್ತೆಗೆ ಇಳಿಸಬೇಕಾದ್ರೆ ವರ್ಷಕ್ಕೆ ಒಂದು ಹಾರ್ಸ್‌ಪವರ್‌ಗೆ ಒಂದು ಪೌಂಡ್ ತೆರಿಗೆ. ಇಲ್ಲಿ ಮೆಕ್ಯಾನಿಕಲ್‌ನವರು ಸ್ವಲ್ಪ ಗಮನ ಕೊಡಿ. ಈ ಹಾರ್ಸ್‌ಪವರ್ ಡೈನಮೋಮೀಟರ್‌ನಲ್ಲಿ ಅಳೆದದ್ದಲ್ಲ, ಸೂತ್ರದಲ್ಲಿ ಬಂದದ್ದು. ಸಿಲಿಂಡರಿನ ಬೋರ್ ಅನ್ನು ಇಂಚಿನಲ್ಲಿ ತಗೊಂಡು ವರ್ಗ ಮಾಡಿ, ಸಿಲಿಂಡರ್ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಬೇಕು. ಸ್ಟ್ರೋಕ್ ಲೆಕ್ಕಕ್ಕೇ ಇಲ್ಲ! ಫೋರ್ಡ್ ಮಾಡೆಲ್ ಟಿ ತಗೊಳ್ಳಿ. ಬೋರ್ 3.75 ಇಂಚು, ವರ್ಗ ಮಾಡಿದ್ರೆ ಸುಮಾರು 14.06. ನಾಲ್ಕು ಸಿಲಿಂಡರ್, ಅಂದ್ರೆ 56.25. ಅದನ್ನು 2.5ರಿಂದ ಭಾಗಿಸಿದ್ರೆ 22.5. ವರ್ಷಕ್ಕೆ 23 ಪೌಂಡ್ ಕಟ್ಟಬೇಕು. ಅಲ್ಲಿನದೇ ಪುಟಾಣಿ ಆಸ್ಟಿನ್ ಸೆವೆನ್‌ಗೆ 8 ಪೌಂಡ್ ಸಾಕು. ಮಾಡೆಲ್ ಟಿ ಆಗ ಮ್ಯಾಂಚೆಸ್ಟರ್‌ನಲ್ಲೇ ತಯಾರಾಗ್ತಿದ್ದರೂ ಅದರ ದಪ್ಪ ಸಿಲಿಂಡರ್ ಅಮೆರಿಕದ್ದು, ತಪ್ಪಿಸಿಕೊಳ್ಳೋಕೆ ಆಗಲಿಲ್ಲ.

ಅಮೆರಿಕದ ಇಂಜಿನ್‌ಗಳಿಗೆ ಬೋರ್ ಅಗಲ. ಅದರಿಂದ ಈ ಸೂತ್ರ ಬಿದ್ದದ್ದೇ ಅವುಗಳ ತಲೆ ಮೇಲೆ. ಬ್ರಿಟನ್ನಿನ ಕಂಪನಿಗಳು ಬೋರ್ ಕಿರಿದು ಮಾಡಿ, ಸ್ಟ್ರೋಕ್ ಉದ್ದ ಮಾಡಿ ತೆರಿಗೆ ಉಳಿಸಿಕೊಂಡವು. ಸ್ಟ್ರೋಕ್ ಉದ್ದ ಆದ್ರೆ ಪಿಸ್ಟನ್ ಹೆಚ್ಚು ದೂರ ಓಡಬೇಕು, ಜಾಸ್ತಿ ಆರ್.ಪಿ.ಎಂ.ಗೆ ಹೋದ್ರೆ ಸವೆತ ಹೆಚ್ಚು. ಒಂದು ತೆರಿಗೆ ಸೂತ್ರ ಒಂದು ಇಡೀ ದೇಶದ ಇಂಜಿನ್‌ನ ಆಕಾರವನ್ನೇ ಬದಲಾಯಿಸಿತು. ಆದ್ರೂ ಆ ಗೋಡೆಯ ಹಿಂದೆ ಮಾರಿಸ್, ಆಸ್ಟಿನ್ ಬೆಳೆದವು. ಫೋರ್ಡ್ ಕಂಪನಿ ಕೂಡ ಲಂಡನ್ ಹತ್ತಿರ ಡ್ಯಾಗೆನ್‌ಹ್ಯಾಮ್‌ನಲ್ಲಿ ದೊಡ್ಡ ಕಾರ್ಖಾನೆ ಕಟ್ಟಿ, ಅಲ್ಲಿಗೆ ಒಗ್ಗುವ ಸಣ್ಣ ಕಾರು ಮಾಡಬೇಕಾಯಿತು.

ಅಂದ್ರೆ ತನ್ನ ಮನೆಯಲ್ಲಿ ಹೇಗೆ ಕಾರ್ಖಾನೆ ಬೆಳೆಸಬೇಕು ಅಂತ ಬ್ರಿಟನ್‌ಗೆ ಚೆನ್ನಾಗಿ ಗೊತ್ತಿತ್ತು. ಭಾರತದ ವಿಷಯದಲ್ಲಿ ಸುಂಕದ ಲೆಕ್ಕ ಬೇರೆ. 1932ರ ಒಟ್ಟಾವಾ ಒಪ್ಪಂದದ ಮೇಲೆ, ಭಾರತಕ್ಕೆ ಬರುವ ಬ್ರಿಟಿಷ್ ಕಾರುಗಳಿಗೆ ಬೇರೆಯವಕ್ಕಿಂತ ಶೇಕಡಾ 7.5 ಸುಂಕ ಕಡಿಮೆ. ಈ ಸುಂಕದಿಂದ ಬ್ರಿಟನ್‌ಗೆ ಲಾಭ, ಖಜಾನೆಗೆ ದುಡ್ಡು. ಇಲ್ಲೇ ಕಾರು ಮಾಡೋರಿಗೆ ಏನೂ ಇಲ್ಲ, ಯಾಕಂದ್ರೆ ಮಾಡೋರೇ ಇರಲಿಲ್ಲ.

ಇದನ್ನು ಬದಲಾಯಿಸಬೇಕು ಅಂತ ಹೊರಟಾಗ ವಿಶ್ವೇಶ್ವರಯ್ಯನವರಿಗೆ ಎಪ್ಪತ್ತು ದಾಟಿತ್ತು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕು ಅಂತ ಪುಸ್ತಕ ಬರೆದಿದ್ದರು. ಕೈಗಾರಿಕೆ ಬೆಳೆಯದಿದ್ರೆ ದೇಶ ಉಳಿಯಲ್ಲ ಅನ್ನೋದು ಅದರ ತಿರುಳು. ಆದ್ರೆ ಯಾವ ಕೈಗಾರಿಕೆಯಿಂದ ಶುರು ಮಾಡೋದು? ಅವರು ಆರಿಸಿದ್ದು ಮೋಟಾರು. ಕಾರಣ ನಮಗೆ ಅರ್ಥ ಆಗುತ್ತೆ. ಒಂದು ಕಾರು ಮಾಡ್ಬೇಕು ಅಂದ್ರೆ ಉಕ್ಕು ಬೇಕು, ಎರಕದ ಮನೆ ಬೇಕು, ಲೇತ್, ಮಿಲ್ಲಿಂಗ್ ಯಂತ್ರ ಬೇಕು, ರಬ್ಬರ್, ಗಾಜು, ವೈರಿಂಗ್, ಬಣ್ಣ ಬೇಕು. ಒಂದು ಕಾರ್ಖಾನೆ ಬಂದ್ರೆ ಅದರ ಸುತ್ತ ನೂರು ವರ್ಕ್‌ಶಾಪ್ ಹುಟ್ಟುತ್ತವೆ. 1935ರಲ್ಲಿ ಯೂರೋಪ್, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿದರು. ವಾಪಸ್ ಬಂದು ಬಂಡವಾಳ, ಯಂತ್ರ, ಉತ್ಪಾದನೆ ಎಲ್ಲಾ ಲೆಕ್ಕ ಹಾಕಿ 1936ರ ಹೊತ್ತಿಗೆ ಯೋಜನೆ ತಯಾರು ಮಾಡಿದರು. ಈಗ ನಾವು ಡಿ.ಪಿ.ಆರ್. ಅಂತೀವಲ್ಲ, ಹಾಗೆ.

ಹಣ ಹಾಕೋಕೆ, ಓಡಾಡೋಕೆ ಸಿಕ್ಕವರು ಸೊಲ್ಲಾಪುರ ಮೂಲದ ಉದ್ಯಮಿ ವಾಲ್ಚಂದ್ ಹೀರಾಚಂದ್. ಬ್ರಿಟಿಷ್ ಹಡಗು ಕಂಪನಿಗಳ ಎದುರು ಸಿಂಧಿಯಾ ಹಡಗು ಕಂಪನಿ ಕಟ್ಟಿ ನಿಲ್ಲಿಸಿದ್ದ ಮನುಷ್ಯ. ಬಾಂಬೆಯಲ್ಲಿ 1937ರಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಬಂದಾಗ ಯೋಜನೆಗೆ ಬೆಂಬಲ ಸಿಕ್ಕಿತು. ದೆಹಲಿಯ ಭಾರತ ಸರ್ಕಾರ ಮಾತ್ರ ಉತ್ಸಾಹ ತೋರಿಸಲಿಲ್ಲ. 1939ರಲ್ಲಿ ಯುದ್ಧ ಶುರುವಾಯಿತು, ಭಾರತವನ್ನು ಕೇಳದೆ ಯುದ್ಧಕ್ಕೆ ಎಳೆದರು ಅಂತ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಬಾಂಬೆಯ ಬೆಂಬಲವೂ ಹೋಯಿತು.

ಅದೇ ಹೊತ್ತಿಗೆ ವಾಲ್ಚಂದ್ ಅಮೆರಿಕದಲ್ಲಿದ್ದರು. ಜನರಲ್ ಮೋಟಾರ್ಸ್, ಫೋರ್ಡ್ ಕೈಕೊಟ್ಟವು. ಅವಕ್ಕೆ ಇಲ್ಲಿ ಜೋಡಿಸಿ ಮಾರೋ ವ್ಯಾಪಾರ ಆಗಲೇ ಚೆನ್ನಾಗಿ ನಡೀತಿತ್ತು, ತಂತ್ರಜ್ಞಾನ ಕೊಟ್ಟು ಎದುರಾಳಿಯನ್ನು ಯಾಕೆ ಬೆಳೆಸ್ತಾರೆ? ಮೂರನೇ ಕಂಪನಿ ಕ್ರೈಸ್ಲರ್ ಒಪ್ಪಿತು. ನಾಲ್ಕೈದು ವರ್ಷದ ಓಡಾಟಕ್ಕೆ ಕೊನೆಗೂ ಒಂದು ಅಮೆರಿಕನ್ ಕಾರು ಸಿಕ್ಕಿತು. ಪೆಟ್ಟಿಗೆಯಲ್ಲಿ ಬರೋ ಕಾರಲ್ಲ, ಡ್ರಾಯಿಂಗ್ ಸಮೇತ ಬರೋ ಕಾರು.

ಕಾರ್ಖಾನೆಗೆ ಬೆಂಗಳೂರು ಸರಿ ಅಂತ ಮಾತಾಯಿತು. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ವಿದ್ಯುತ್ ಇತ್ತು, ಭದ್ರಾವತಿಯಲ್ಲಿ ಉಕ್ಕಿತ್ತು, ಇಂಜಿನಿಯರಿಂಗ್ ಕಾಲೇಜಿನಿಂದ ಹುಡುಗರು ಹೊರಬರ್ತಿದ್ದರು. ಈ ಮೂರರಲ್ಲೂ ವಿಶ್ವೇಶ್ವರಯ್ಯನವರ ಕೈಯಿತ್ತು. ಮೈಸೂರು ಸರ್ಕಾರ ಕೈಜೋಡಿಸಲು ಮುಂದೆ ಬಂತು. ಆದ್ರೆ ಸಂಸ್ಥಾನದ ಮೇಲೆ ಬ್ರಿಟಿಷರ ಕಣ್ಣಿತ್ತು. ಅವರ ಒಪ್ಪಿಗೆ ಸಿಗಲಿಲ್ಲ. ಕಾರು ಕಾರ್ಖಾನೆ ಯುದ್ಧಕ್ಕೆ ಬೇಕಾದ ಉದ್ಯಮ ಅಲ್ಲ ಅಂತ ಭಾರತ ಸರ್ಕಾರ ಹೇಳಿತು. ಆ ಪಟ್ಟಿಯಲ್ಲಿ ಇಲ್ಲದಿದ್ರೆ ಡಾಲರ್ ಸಿಗಲ್ಲ, ಡಾಲರ್ ಇಲ್ಲದಿದ್ರೆ ಅಮೆರಿಕದಿಂದ ಯಂತ್ರ ತರೋಕಾಗಲ್ಲ. ಯುದ್ಧಕ್ಕೆ ಸಾವಿರಾರು ಲಾರಿ ಬೇಕಿದ್ದ ಕಾಲದಲ್ಲಿ, ಲಾರಿ ಮಾಡ್ತೀವಿ ಅಂದವರಿಗೆ ಬಂದ ಉತ್ತರ ಇದು. ಒಂದು ಸಹಿಯಲ್ಲಿ ಯೋಜನೆ ನಿಂತಿತು.

ಕಥೆಯಲ್ಲಿ ಒಂದು ತಿರುವಿದೆ. ಕಾರಿನ ಕೆಲಸ ಮುಗಿಸಿ ಅಮೆರಿಕದಿಂದ ವಾಪಸಾಗುವಾಗ ವಿಮಾನದಲ್ಲಿ ವಾಲ್ಚಂದ್‌ಗೆ ವಿಲಿಯಂ ಪಾಲಿ ಅನ್ನೋ ಅಮೆರಿಕದವರು ಸಿಕ್ಕರು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವರು. ಮಾತು ಕಾರಿನಿಂದ ವಿಮಾನಕ್ಕೆ ಹೋಯಿತು. ಯುದ್ಧಕ್ಕೆ ವಿಮಾನ ಬೇಕೇ ಬೇಕಿತ್ತು, ಹಾಗಾಗಿ ಈ ಸಲ ಇಲ್ಲ ಅನ್ನೋಕೆ ಆಗಲಿಲ್ಲ. ಮೈಸೂರು ಸರ್ಕಾರ ಜಾಗ ಕೊಟ್ಟಿತು, ಪಾಲುದಾರನೂ ಆಯಿತು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು. ಮರುವರ್ಷವೇ ಹಾರ್ಲೋ ಅನ್ನೋ ತರಬೇತಿ ವಿಮಾನ ಅಲ್ಲಿಂದ ಹಾರಿತು. 1942ರಲ್ಲಿ ಭಾರತ ಸರ್ಕಾರ ಕಾರ್ಖಾನೆಯನ್ನು ತನ್ನ ಕೈಗೆ ತಗೊಂಡಿತು. ಇವತ್ತಿನ ಎಚ್.ಎ.ಎಲ್. ಅದೇ. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ನಾವು ಆಸೆಯಿಂದ ನೋಡೋ ಆ ಹೆಸರಿನ ಹಿಂದೆ, ಕಾರಿಗಾಗಿ ಮಾಡಿದ ಒಂದು ಪ್ರಯಾಣ ಇದೆ.

ಕಾರು ಮಾತ್ರ ಬೆಂಗಳೂರಿಗೆ ಬರಲಿಲ್ಲ. 1942ರಲ್ಲಿ ಬಿರ್ಲಾ ಅವರ ಹಿಂದೂಸ್ತಾನ್ ಮೋಟಾರ್ಸ್ ಗುಜರಾತಿನ ಓಖಾದಲ್ಲಿ, 1944ರಲ್ಲಿ ವಾಲ್ಚಂದ್ ಅವರ ಪ್ರೀಮಿಯರ್ ಆಟೋಮೊಬೈಲ್ಸ್ ಬಾಂಬೆಯಲ್ಲಿ ಹುಟ್ಟಿದವು. ಪ್ರೀಮಿಯರ್ ಮೊದಲು ಮಾಡಿದ್ದು ಅದೇ ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್ ಗಾಡಿಗಳನ್ನು. ಆಮೇಲೆ ಫಿಯಟ್, ಪದ್ಮಿನಿ ಬಂದವು. ಬಾಂಬೆಯ ಕಪ್ಪು ಹಳದಿ ಟ್ಯಾಕ್ಸಿಯ ವಂಶವೃಕ್ಷ ಹಿಡಿದು ಮೇಲೆ ಹೋದರೆ ಮುದ್ದೇನಹಳ್ಳಿಯವರೊಬ್ಬರ ಯೋಜನೆ ಸಿಗುತ್ತೆ.

ವಿಶ್ವೇಶ್ವರಯ್ಯನವರು ಇದರಿಂದ ಕೈಚೆಲ್ಲಿ ಕೂರಲಿಲ್ಲ. 1941ರಲ್ಲಿ ಶುರುವಾದ ಅಖಿಲ ಭಾರತ ಉತ್ಪಾದಕರ ಸಂಘಟನೆಯ ಮುಂದಾಳಾದರು. ಹಳ್ಳಿಗಳಲ್ಲಿ ಸಣ್ಣ ಕೈಗಾರಿಕೆ ಬೆಳೆಸೋ ಯೋಜನೆಗಳನ್ನು ಬರೀತಾ ಹೋದರು. 1951ರಲ್ಲಿ ತಮ್ಮ ಕೆಲಸದ ನೆನಪುಗಳನ್ನು ಪುಸ್ತಕ ಮಾಡಿದರು. 1955ರಲ್ಲಿ ಭಾರತ ರತ್ನ ಬಂತು. ನೂರು ವರ್ಷ ದಾಟಿ, 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ.

ಇಷ್ಟು ಹಳೆ ಕಥೆ ಈಗ ಯಾಕೆ ಅಂತ ಕೇಳಬಹುದು. ನಮ್ಮ ಕಡೆಯ ತಿರುಮಣಿಯನ್ನೇ ನೋಡಿ. ಪಾವಗಡ ತಾಲ್ಲೂಕು, ಮೂರು ಕಡೆ ಆಂಧ್ರ, ಮಳೆ ಅನ್ನೋದು ಅಪರೂಪದ ನೆಂಟ. ಅಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. ಸಾಮರ್ಥ್ಯ 2,050 ಮೆಗಾವ್ಯಾಟ್. ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ತಗೊಂಡರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಶೇಂಗಾ ಒಣಗಿಹೋಗ್ತಿದ್ದ ಹೊಲಕ್ಕೆ ಗ್ಯಾರಂಟಿ ಆದಾಯ ಬಂತು. ಜಮೀನಿಲ್ಲದ ಕೂಲಿಯವರಿಗೆ ಗುತ್ತಿಗೆ ಹಣವೂ ಇಲ್ಲ, ಹೊಲದ ಕೆಲಸವೂ ಇಲ್ಲ, ಅದೂ ನಿಜ.

ಆದ್ರೆ ಇಂಜಿನಿಯರಿಂಗ್ ಓದೋರು ಕೇಳಬೇಕಾದ ಪ್ರಶ್ನೆ ಇನ್ನೊಂದು. ಈ ಪಾರ್ಕ್ ಎದ್ದು ನಿಂತ ವರ್ಷಗಳಲ್ಲಿ ದೇಶಕ್ಕೆ ಬೇಕಾದ ಸೋಲಾರ್ ಪ್ಯಾನೆಲ್‌ಗಳಲ್ಲಿ ದೊಡ್ಡ ಪಾಲು ಚೀನಾದಿಂದ ಬರ್ತಿತ್ತು. ಬಿಸಿಲು ನಮ್ಮದು, ನೆಲ ನಮ್ಮದು, ಬೋಲ್ಟ್ ಬಿಗಿಯೋ ಕೈ ನಮ್ಮದು. ಸಿಲಿಕಾನ್ ಕರಗಿಸಿ ವೇಫರ್ ಕೊಯ್ಯೋ ವಿದ್ಯೆ ಮಾತ್ರ ಬೇರೆಯವರದ್ದು. ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿ ಸೆಲ್‌ದೂ ಹೆಚ್ಚುಕಮ್ಮಿ ಇದೇ ಕಥೆ. 1928ರ ಬಾಂಬೆಯ ಆ ಪೆಟ್ಟಿಗೆಗಳು ನೆನಪಾಗಲ್ವಾ? ಒಂದೇ ವ್ಯತ್ಯಾಸ, ಆಗ ಬೇಡ ಅನ್ನೋಕೆ ಮೇಲೊಬ್ಬ ಬ್ರಿಟಿಷ್ ಅಧಿಕಾರಿ ಇದ್ದ. ಈಗ ಹಾಗೆ ಯಾರೂ ಇಲ್ಲ.

ಹೊರಗಿನದ್ದು ಬೇಡವೇ ಬೇಡ ಅಂತ ವಿಶ್ವೇಶ್ವರಯ್ಯನವರು ಹಟ ಹಿಡಿದವರಲ್ಲ. ಸಿಮೆಂಟ್ ದುಬಾರಿ ಅಂದಾಗ ಸುರ್ಕಿ ಹಿಡಿದರು, ಕಾರಿನ ವಿದ್ಯೆ ಇಲ್ಲಿಲ್ಲ ಅಂದಾಗ ಅಮೆರಿಕದ ಕಡೆ ನೋಡಿದರು. ಆದ್ರೆ ಕಾರು ಕೊಂಡುಕೊಂಡು ಬರೋಕೆ ಅಲ್ಲ, ಕಾರು ಮಾಡೋದನ್ನು ತರೋಕೆ. ಮುಂದಿನ ಸೆಪ್ಟೆಂಬರ್ 15ಕ್ಕೆ ಕ್ಲಬ್ಬಿನವರು ಪೋಸ್ಟರ್ ಮಾಡುವಾಗ ಮೇಣದಬತ್ತಿಯ ಪಕ್ಕದಲ್ಲಿ ಒಂದು ಡಾಡ್ಜ್ ಕಾರನ್ನೂ ಬಿಡಿಸಿ. ಅದ್ಯಾಕೆ ಅಂತ ಜೂನಿಯರ್ಸ್ ಕೇಳಿದ್ರೆ ಈ ಕಥೆ ಹೇಳಿ.